ಬೈಗುಳವೇ ಬ್ಯಾಂಡಿನ ಹೆಸರು
ಬೆಂಗಳೂರಿನ ‘ಬೇವಾರ್ ಸೀ’ ಬ್ಯಾಂಡಿನ ಹೆಸರು ಕೇಳಿ ನಮ್ಮತ್ತೆ “ಥೂ, ಇದೆಂಥ ಹೆಸರು!” ಅಂದರು. ಕೊನೆಗೆ ಇಂಗ್ಲಿಷಿನ ಸಮುದ್ರ ಸೇರಿಸಿದರೂ ಅದು ನಮ್ಮ ಬೇವಾರ್ಸಿಯೇ, ಅಂದ್ರೆ ವಾರಸುದಾರರಿಲ್ಲದವನು. ಒಕ್ಕ, ಐನ್‌ಮನೆ ಅಂತ ಬದುಕುವ ಕೊಡಗಿನಲ್ಲಿ ಈ ಮಾತು ಚುಚ್ಚುತ್ತದೆ.

2012ರಲ್ಲಿ ಬಂದ ಅವರ ಮೊದಲ ಆಲ್ಬಂಗೂ ಇದೇ ಹೆಸರು. ಒಂದು ಹಾಡು ‘ಅಬಿಷ್ಟು’, ಅದೂ ಬೈಗುಳವೇ! ಬ್ಲ್ಯಾಕ್ ಸಬತ್ ದಾರಿಯ ನಿಧಾನದ, ಭಾರದ ಗಿಟಾರು. ತಗಡಿನ ಮೇಲೆ ಆಟಿ ಮಳೆ ಸುರಿದ ಹಾಗೆ ಒಂದೇ ಸಮನೆ ಮೊರೆತ. ನನಗಂತೂ ಹಿಡಿಸಿತು.

ಇದನ್ನು ಕೇಳಿಯೇ ಮಗ ಬೇಸ್ ಗಿಟಾರು ಹಿಡಿದದ್ದು. ತೋಟ ನೋಡಿಕೊಳ್ಳೋಲ್ಲ ಅಂತಾನೆ. ಸಿಟ್ಟಲ್ಲಿ ಅವರಪ್ಪ ಅದೇ ಮಾತು ಬೈದರೆ, “ಬ್ಯಾಂಡ್ ಹೆಸರು ಸರಿಯಾಗಿ ಹೇಳಿ ಅಪ್ಪಾ” ಅಂತ ನಕ್ಕ. ಕಾಫಿ ಕೊಯ್ಲಿಗಾದರೂ ಬಾ ಅಂದಿದ್ದೇವೆ. ಗಿಟಾರೂ ತರ್ತಾನಂತೆ.