ಮಗುವಿನ ಮಲದ ಮಾದರಿಯನ್ನು ಬೆಂಗಳೂರಿಗೆ ಏಕೆ ಕಳುಹಿಸಬೇಕು?



15 ವರ್ಷದೊಳಗಿನ ಮಗುವಿನ ಕೈ ಅಥವಾ ಕಾಲು ಇದ್ದಕ್ಕಿದ್ದಂತೆ ಬಲಗುಂದಿ ಜೋತುಬಿದ್ದರೆ ವೈದ್ಯರು ಮಲದ ಮಾದರಿ ಕೇಳುತ್ತಾರೆ. "ಕಾಲಿನ ತೊಂದರೆಗೆ ಮಲವೇಕೆ? ಪೋಲಿಯೋ ಹನಿ ಹಾಕಿಸಿದ್ದೇವಲ್ಲ?" ಎಂದು ತಾವು ಕೇಳಬಹುದು.

ಮಲವೇ ಏಕೆ?
ಪೋಲಿಯೋ ವೈರಸ್ ಕರುಳಿನಲ್ಲಿ ಬೆಳೆದು, ಹಲವು ವಾರ ಮಲದೊಂದಿಗೆ ಹೊರಬೀಳುತ್ತದೆ. ಹನಿ ಹಾಕಿಸಿದ ಮಗುವಿಗೂ ಈ ಪರೀಕ್ಷೆ ಅಗತ್ಯ.

ಪತ್ತೆ ಹೇಗೆ?
ತೆಂಗಿನ ನುಸಿ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಕಾಯಿಯ ಮೇಲಿನ ಕಲೆಯಿಂದ ಅದನ್ನು ಗುರುತಿಸುತ್ತೇವೆ. ವೈರಸ್ ಕೂಡ ಹಾಗೆಯೇ. ಅದು ಜೀವಂತ ಕೋಶದೊಳಗೆ ಮಾತ್ರ ಬೆಳೆಯುತ್ತದೆ. ಹಿಂದೆ ಇದಕ್ಕೆ ಕೋತಿಗಳೇ ಬೇಕಾಗಿದ್ದವು. 1949ರಲ್ಲಿ ಅಮೆರಿಕದ ಎಂಡರ್ಸ್, ವೆಲ್ಲರ್ ಮತ್ತು ರಾಬಿನ್ಸ್ ಪೋಲಿಯೋ ವೈರಸ್ಸನ್ನು ಗಾಜಿನ ನಳಿಕೆಯ ಜೀವಕೋಶಗಳಲ್ಲಿ ಬೆಳೆಸಿ ತೋರಿಸಿದರು. 1954ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು.

ಇಂದು ಪ್ರಯೋಗಾಲಯಗಳಲ್ಲಿ 'ಎಲ್20ಬಿ' ಎಂಬ ಇಲಿಯ ಕೋಶಗಳನ್ನು ಬಳಸುತ್ತಾರೆ. ಪೋಲಿಯೋ ವೈರಸ್ ಒಳಹೋಗುವ ಬಾಗಿಲು ಇಲಿಯ ಕೋಶಕ್ಕೆ ಸಹಜವಾಗಿ ಇಲ್ಲ. ಮನುಷ್ಯನ ಕೋಶದ ಆ ಬಾಗಿಲನ್ನು ವಿಜ್ಞಾನಿಗಳು ಇವಕ್ಕೆ ಅಳವಡಿಸಿದ್ದಾರೆ. ಆದ್ದರಿಂದ ಕರುಳಿನ ಇತರ ವೈರಸ್‌ಗಳು ಹೆಚ್ಚಾಗಿ ಹೊರಗೇ ಉಳಿದು, ಪೋಲಿಯೋ ಸುಲಭವಾಗಿ ಸಿಕ್ಕಿಬೀಳುತ್ತದೆ. ವೈರಸ್ ಇದ್ದರೆ ಕೋಶಗಳು ದುಂಡಗಾಗಿ ಕಳಚಿಬೀಳುವುದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಬಳಿಕ ಬೇರೆ ಪರೀಕ್ಷೆಯಿಂದ ಅದನ್ನು ಖಚಿತಪಡಿಸುತ್ತಾರೆ. ಕೋಶಗಳನ್ನು ಹಲವು ದಿನ ಕಾದು ನೋಡಬೇಕಾದ್ದರಿಂದ ವರದಿ ತಡವಾಗುತ್ತದೆ. ಚಿಕಿತ್ಸೆ ಮಾತ್ರ ವರದಿಗಾಗಿ ಕಾಯುವುದಿಲ್ಲ.

ತಾವು ಮಾಡಬೇಕಾದದ್ದು
• ಬಲಹೀನತೆ ಕಂಡ ದಿನವೇ ಮಗುವನ್ನು ಕರೆತನ್ನಿ. ಶುರುವಾದ 14 ದಿನಗಳೊಳಗೆ, ಕನಿಷ್ಠ 24 ಗಂಟೆ ಅಂತರದಲ್ಲಿ ಎರಡು ಮಾದರಿ ಬೇಕು.
• ಹೆಬ್ಬೆರಳ ತುದಿಯಷ್ಟು ಮಲ ಸಾಕು. ಆಸ್ಪತ್ರೆ ಕೊಟ್ಟ ಡಬ್ಬಿಯಲ್ಲೇ ಹಾಕಿ, ಕೂಡಲೇ ದಾದಿಯರಿಗೆ ಕೊಡಿ.
• ಡಬ್ಬಿಯನ್ನು ಬಿಸಿಲಲ್ಲಿ ಇಡಬೇಡಿ. ಶಾಖಕ್ಕೆ ವೈರಸ್ ಸತ್ತರೆ ಇದ್ದರೂ 'ಇಲ್ಲ' ಎಂಬ ವರದಿ ಬರಬಹುದು. ಆದ್ದರಿಂದಲೇ ಅಮ್ಮಸಂದ್ರದಿಂದ ಬೆಂಗಳೂರಿನ ರಾಷ್ಟ್ರೀಯ ವೈರಾಣು ಸಂಸ್ಥೆಯ ಘಟಕದವರೆಗೂ ಮಾದರಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲೇ ಹೋಗಬೇಕು.

ಗಾಬರಿ ಬೇಡ. ಇಂತಹ ಬಲಹೀನತೆಗೆ ನರಗಳ ಬೇರೆ ಕಾಯಿಲೆಗಳೂ ಕಾರಣವಾಗುತ್ತವೆ. ಭಾರತದಲ್ಲಿ ಕಾಡು ಪೋಲಿಯೋದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ದೇಶಕ್ಕೆ ಪೋಲಿಯೋಮುಕ್ತ ಮಾನ್ಯತೆ ದೊರೆಯಿತು. ಆದರೆ ಪಾಕಿಸ್ತಾನ, ಆಫ್ಘಾನಿಸ್ತಾನಗಳಲ್ಲಿ ಅದು ಇನ್ನೂ ಉಳಿದಿದೆ. ಮತ್ತೆ ಬಂದರೆ ಅದು ಇಂತಹ ಒಂದು ಡಬ್ಬಿಯಿಂದ ತಿಳಿಯಬಹುದು. 'ಪೋಲಿಯೋ ಇಲ್ಲ' ಎಂಬ ಪ್ರತಿ ವರದಿಯೂ ಊರಿನ ಎಲ್ಲ ಮಕ್ಕಳಿಗೆ ರಕ್ಷೆ. ದಯವಿಟ್ಟು ಸಹಕರಿಸಿ.