ನಿಮಗಿದು ಗೊತ್ತೇ? ಬೀಳುವುದೇ ಬೇರೆ, ಬೀಳಿಸುವುದೇ ಬೇರೆ

ಇಂಗ್ಲಿಷಿನಲ್ಲಿ ಬಟ್ಟೆಯನ್ನು ತಂತಿಗೆ ನೇತುಹಾಕಿದರೆ 'ಹಂಗ್', ಅಪರಾಧಿಯನ್ನು ಗಲ್ಲಿಗೇರಿಸಿದರೆ 'ಹ್ಯಾಂಗ್ಡ್'. ಒಂದೇ ಕ್ರಿಯಾಪದಕ್ಕೆ ಎರಡು ಭೂತಕಾಲ ಏಕೆ? ಹಿಂದೆ ಇವು ಬೇರೆ ಬೇರೆ ಕ್ರಿಯಾಪದಗಳೇ ಆಗಿದ್ದವು, ಕ್ರಮೇಣ ಒಂದಾದವು. ಆಡುಮಾತಿನಲ್ಲಿ 'ಹಂಗ್' ಗೆದ್ದಿತು. ಹಳೆಯದನ್ನು ಸುಲಭವಾಗಿ ಬಿಡದ ನ್ಯಾಯಾಲಯದ ಭಾಷೆ ಮರಣದಂಡನೆಗೆ 'ಹ್ಯಾಂಗ್ಡ್' ಅನ್ನೇ ಉಳಿಸಿಕೊಂಡಿತು.

'ಸ್ಟೀಲ್' ಮಾಡುವುದು ಹಣವನ್ನು, 'ರಾಬ್' ಮಾಡುವುದು ಹಣವಿದ್ದವನನ್ನು ಅಥವಾ ಬ್ಯಾಂಕನ್ನು. ಇಂಗ್ಲೆಂಡಿನ 1968ರ ಥೆಫ್ಟ್ ಆ್ಯಕ್ಟ್ ಪ್ರಕಾರ ಕದಿಯಲೆಂದು ಬಲಪ್ರಯೋಗ ಮಾಡಿದರೆ ಅಥವಾ ಹೆದರಿಸಿದರೆ ಮಾತ್ರ ಅದು ರಾಬರಿ. ನಿದ್ದೆಯಲ್ಲಿರುವವರ ಜೇಬಿನಿಂದ ಸದ್ದಿಲ್ಲದೆ ಪರ್ಸ್ ಎಗರಿಸಿದರೆ ಬರೀ ಕಳ್ಳತನ. ಅಂದಹಾಗೆ, ನಿಲುವಂಗಿ ಎಂಬರ್ಥದ 'ರೋಬ್' ಕೂಡ 'ರಾಬ್'ನ ನಂಟನೇ: ಕೊಳ್ಳೆ ಹೊಡೆದು ತಂದ ಬಟ್ಟೆ ಎಂಬುದೇ ಅದರ ಮೂಲಾರ್ಥ.

ಇನ್ನು ಎಲ್ಲರನ್ನೂ ಕಾಡುವ ಜೋಡಿ 'ಲೈ' ಮತ್ತು 'ಲೇ'. ನಿಜಕ್ಕೂ ಕನ್ನಡಿಗರಿಗೆ ಇದು ಕಷ್ಟವಾಗಬಾರದು. ನಾವು 'ಮಲಗು'ವಿಗೆ 'ಇಸು' ಹಚ್ಚಿ 'ಮಲಗಿಸು' ಮಾಡುತ್ತೇವಲ್ಲ, ಇಂಗ್ಲಿಷಿನ ಪೂರ್ವಜ ಭಾಷೆಯಲ್ಲೂ ಅಂಥದೊಂದು ಪ್ರತ್ಯಯವಿತ್ತು. ಅದು ಸವೆದುಹೋಗಿದೆ, ಈಗ ಉಳಿದಿರುವುದು ಸ್ವರದ ವ್ಯತ್ಯಾಸವಷ್ಟೇ. 'ಲೈ' ಎಂದರೆ ಮಲಗು, 'ಲೇ' ಎಂದರೆ ಮಲಗಿಸು, ಇಡು. 'ಸಿಟ್' ಕೂರು, 'ಸೆಟ್' ಕೂರಿಸು. 'ಫಾಲ್' ಬೀಳು, 'ಫೆಲ್' ಬೀಳಿಸು. ಮರ ಕಡಿದು ಉರುಳಿಸುವುದಕ್ಕೆ ಇಂದಿಗೂ ಬಳಕೆಯಲ್ಲಿರುವುದು ಈ ಪದವೇ. 'ಲೈ'ಗೆ ಭೂತಕಾಲ 'ಲೇ', 'ಫಾಲ್'ಗೆ ಭೂತಕಾಲ 'ಫೆಲ್' ಆಗಿರುವುದರಿಂದ ಗೊಂದಲ ಇಮ್ಮಡಿಯಾಗಿದೆ. ಶಾಲೆಯ ವ್ಯಾಕರಣ ಪುಸ್ತಕ ಈ 'ಇಸು'ವಿನ ಗುಟ್ಟನ್ನು ಒಂದು ಸಾಲಿನಲ್ಲಿ ಹೇಳಿದ್ದರೆ ಎಷ್ಟು ಮಕ್ಕಳಿಗೆ ಪಟ್ಟಿ ಉರುಹೊಡೆಯುವ ಕಷ್ಟ ತಪ್ಪುತ್ತಿತ್ತು!

ಇದೇ ಕುಟುಂಬದ ಇನ್ನೊಂದು ಜೋಡಿಯಂತೂ ನನಗೆ ಬಲು ಇಷ್ಟ. 'ಡ್ರಿಂಕ್' ಕುಡಿ, 'ಡ್ರೆಂಚ್' ಕುಡಿಸು. ಇಂದು 'ಡ್ರೆಂಚ್' ಎಂದರೆ ಮಳೆ ನಮ್ಮನ್ನು ತೋಯಿಸಿ ತೊಪ್ಪೆಯಾಗಿಸುವುದು. ಆದರೆ ಪಶುವೈದ್ಯರ ಬಾಯಲ್ಲಿ ಹಳೆಯ ಅರ್ಥ ಬದುಕಿದೆ. ನಮ್ಮ ಹಳ್ಳಿಗಳಲ್ಲಿ ಬಿದಿರಿನ ಗೊಟ್ಟದಿಂದ ದನದ ಗಂಟಲಿಗೆ ಔಷಧಿ ಹುಯ್ಯುತ್ತಾರಲ್ಲ, ಅದಕ್ಕೆ ಅವರು ಹೇಳುವುದು 'ಡ್ರೆಂಚ್' ಎಂದೇ.

ಕಾರು 'ಸ್ಟಾರ್ಟ್' ಆಗುತ್ತದೆ, ಎಂದೂ 'ಬಿಗಿನ್' ಆಗುವುದಿಲ್ಲ. ಏಕೆಂದರೆ 'ಸ್ಟಾರ್ಟ್' ಮೊದಲು ಸೂಚಿಸುತ್ತಿದ್ದುದು ಥಟ್ಟನೆ ಜಿಗಿಯುವುದನ್ನು. ಬೆಚ್ಚಿಬೀಳಿಸು ಎಂಬರ್ಥದ 'ಸ್ಟಾರ್ಟಲ್' ಅದರ ಒಡಹುಟ್ಟು.

'ಟೆಲ್' ಹಿಂದೆ ಎಣಿಸುವುದೂ ಆಗಿತ್ತು. ಬ್ಯಾಂಕಿನಲ್ಲಿ ನೋಟು ಎಣಿಸುವವರು ಟೆಲ್ಲರ್ ಆದದ್ದು ಹಾಗೆ.

ಸೂಕ್ಷ್ಮ ಇರುವುದು ಇಂಗ್ಲಿಷಿನಲ್ಲಿ ಮಾತ್ರವಲ್ಲ. ನಾವು ಸೀರೆ ಉಡುತ್ತೇವೆ, ಒಡವೆ ತೊಡುತ್ತೇವೆ, ಹೂ ಮುಡಿಯುತ್ತೇವೆ. ಇಂಗ್ಲಿಷಿನವರಿಗೆ ಮೂರೂ 'ವೇರ್'. ಗಡ್ಡ ಬಿಟ್ಟಿದ್ದರೂ, ಸುಗಂಧ ಪೂಸಿಕೊಂಡಿದ್ದರೂ 'ವೇರ್'. ಅವರು ಭೇದ ಮಾಡುವುದು ಇನ್ನೊಂದು ಕಡೆ: ಅಂಗಿ ಹಾಕಿಕೊಳ್ಳುವ ಆ ಕ್ಷಣದ ಕ್ರಿಯೆ 'ಪುಟ್ ಆನ್', ಹಾಕಿಕೊಂಡಿರುವ ಸ್ಥಿತಿ 'ವೇರ್'.

'ಸ್ಟಿಂಕ್' ಈಗ ಗಬ್ಬು ನಾರುವುದು. ಹಳೆಯ ಇಂಗ್ಲಿಷಿನಲ್ಲಿ ಹೂವೂ 'ಸ್ಟಿಂಕ್' ಮಾಡಬಹುದಿತ್ತು, ಆಗ ಅದು ಯಾವುದೇ ವಾಸನೆ ಬೀರುವುದಕ್ಕೆ ಸಲ್ಲುತ್ತಿತ್ತು. ಪ್ರಾಚೀನ ತಮಿಳು ಕಾವ್ಯದಲ್ಲೂ 'ನಾರು' ಎಂದರೆ ಪರಿಮಳಿಸು ಎಂದೇ.

'ಸ್ಟಾರ್ವ್' ಕಥೆಯೂ ಇಂಥದ್ದೇ. ಇದರ ಮೊದಲ ಅರ್ಥ ಸಾಯುವುದು, ಯಾವ ಕಾರಣದಿಂದಾದರೂ ಸರಿ. ಜರ್ಮನ್ನಿನ 'ಸ್ಟೆರ್ಬೆನ್' ಈಗಲೂ ಅದೇ. ಇಂಗ್ಲಿಷಿನಲ್ಲಿ ಆ ಜಾಗಕ್ಕೆ 'ಡೈ' ಬಂದು ಕೂತಿತು, 'ಸ್ಟಾರ್ವ್' ಹಸಿವಿನ ಪಾಲಾಯಿತು. ಆದರೆ ಉತ್ತರ ಇಂಗ್ಲೆಂಡಿನ ಆಡುಮಾತಿನಲ್ಲಿ ಅದಕ್ಕೆ ಇನ್ನೊಂದು ಅರ್ಥವೂ ಉಂಟು. ಅಲ್ಲಿನ ಅಜ್ಜಿಯೊಬ್ಬರು 'ಸ್ಟಾರ್ವ್ಡ್' ಎಂದರೆ ಬಡಿಸಲು ಏಳಬೇಕಿಲ್ಲ, ಕಂಬಳಿ ತರಬೇಕು: ಅವರಿಗೆ ಚಳಿಯಾಗಿದೆ.