ಕೆಂಪು ಕಲ್ಲಿನ ಗೋಡೆ, ಇಪ್ಪತ್ತು ಮೀಟರ್ ವಾಯರ್

ಬೀದರಿನ ನಮ್ಮ ಹಳೇ ಮನೆಯಲ್ಲಿ ಕಂಪ್ಯೂಟರ್ ಇರುವುದು ಹಿಂದಿನ ಕೋಣೆಯಲ್ಲಿ, ಅಪ್ಪನ ಕಾಲದ ಸ್ಟೀರಿಯೋ ಇರುವುದು ಪಡಸಾಲೆಯಲ್ಲಿ. ನಡುವೆ ಎರಡಡಿ ದಪ್ಪದ ಕೆಂಪು ಕಲ್ಲಿನ ಗೋಡೆ. ಮೊದಲು ಒಂದು ಬ್ಲೂಟೂತ್ ಡಬ್ಬಿ ತಂದು ನೋಡಿದೆ. ಬಾಗಿಲು ತೆರೆದಿದ್ದರೆ ಹಾಡು, ಮುಚ್ಚಿದರೆ ಬಿಕ್ಕಳಿಕೆ.

ಡಬ್ಬಿಯದೇನೂ ತಪ್ಪಿಲ್ಲ. ಗೋಡೆಯ ಈ ಕೆಂಪು ಕಲ್ಲು, ಅಂದರೆ ಜಂಬಿಟ್ಟಿಗೆ, ತೂತುತೂತಾದ ಕಲ್ಲು, ನೀರು ಕುಡಿಯುವ ಕಲ್ಲು. ಬೀದರಿನಲ್ಲಿ ಮಳೆನೀರು ಇದರೊಳಗೆ ಇಳಿದು ಕೆಳಗಿನ ಕರಿಕಲ್ಲಿನ ಮೇಲೆ ನಿಲ್ಲುತ್ತದೆ. ನೌಬಾದಿನ ಕರೇಜ್, ಅಂದರೆ ಸುರಂಗ ಬಾವಿ, ಬಹಮನಿ ಕಾಲದಲ್ಲಿ ಹುಟ್ಟಿದ್ದು ಆ ನೀರನ್ನು ಹಿಡಿಯಲೆಂದೇ. ಬ್ಲೂಟೂತ್ ಅಲೆಗಳದು ಸೆಕೆಂಡಿಗೆ ಸುಮಾರು 240 ಕೋಟಿ ಕಂಪನ. ಮೈಕ್ರೋವೇವ್ ಒಲೆ ಅನ್ನದೊಳಗಿನ ನೀರನ್ನು ಬಿಸಿ ಮಾಡುವುದೂ ಹೆಚ್ಚುಕಡಿಮೆ ಇದೇ ಕಂಪನದಲ್ಲಿ. ಗೋಡೆ ದಪ್ಪವೂ ಇದ್ದು ತೇವವೂ ಇದ್ದರೆ ಅಲೆಯ ಶಕ್ತಿ ಅಲ್ಲಿಯೇ ಇಂಗುತ್ತದೆ.

ಈ ಗೋಳನ್ನು ಔರಾದಿನಿಂದ ಬಂದ ಮೈಕ್‌ಸೆಟ್ಟಿನ ಹುಡುಗನೊಬ್ಬನ ಮುಂದೆ ಹೇಳಿಕೊಂಡೆ. ಅವನು ನಕ್ಕ: "ಕಾಕಾ, ಅಮರೇಶ್ವರ ಜಾತ್ರ್ಯಾಗ ನಮ್ಮ ಭೋಂಗಾದ ವಾಯರ್ ಊರೇ ದಾಟ್ತದ. ನಿಮ್ಮದು ಒಂದು ಗ್ವಾಡಿ ದಾಟಲ್ಲೇನ್ರಿ?"

ವಾಯರ್ ಸರಿ, ಆದರೆ ಯಾವ ವಾಯರ್? ಆಂಪ್ಲಿಫೈಯರನ್ನು ಕಂಪ್ಯೂಟರ್ ಪಕ್ಕಕ್ಕೇ ತಂದು ಸ್ಪೀಕರಿನ ವಾಯರ್ ಉದ್ದ ಮಾಡಬಹುದು. ಆಂಪ್ಲಿಫೈಯರನ್ನು ಇದ್ದಲ್ಲೇ ಬಿಟ್ಟು ಕಂಪ್ಯೂಟರಿನ ಜ್ಯಾಕ್‌ನಿಂದ ತೆಳು ವಾಯರ್ ಎಳೆಯಬಹುದು. ಎರಡರ ಲೆಕ್ಕ ಬೇರೆ ಬೇರೆ. 8 ಓಮ್ ಸ್ಪೀಕರಿಗೆ 20 ವ್ಯಾಟ್ ಕೊಡಬೇಕೆಂದರೆ ಒಂದೂವರೆ ಆಂಪಿಯರಿಗೂ ಹೆಚ್ಚು ಕರೆಂಟು ಹರಿಯಬೇಕು. 0.75 ಚದರ ಮಿಲಿಮೀಟರಿನ ತಾಮ್ರದ ವಾಯರನ್ನು 20 ಮೀಟರ್ ಎಳೆದರೆ ಹೋಗಿ ಬರುವ ದಾರಿ 40 ಮೀಟರ್, ಅದರ ತಡೆ ಸುಮಾರು 0.9 ಓಮ್. ಹತ್ತರಲ್ಲಿ ಒಂದು ಪಾಲು ಶಕ್ತಿ ವಾಯರ್ ಬಿಸಿ ಮಾಡುವುದಕ್ಕೇ ಹೋಯಿತು. ಕಂಪ್ಯೂಟರ್ ಜ್ಯಾಕಿನ ಕಥೆ ಹಾಗಲ್ಲ. ಅಲ್ಲಿರುವುದು ಹೆಚ್ಚೆಂದರೆ ಒಂದು ವೋಲ್ಟಿನ ಆಸುಪಾಸು. ಆಂಪ್ಲಿಫೈಯರಿನ ಆಕ್ಸ್ ತೂತಿನೊಳಗಿನ ತಡೆ 47 ಸಾವಿರ ಓಮ್ ಇದ್ದರೆ ಹರಿಯುವ ಕರೆಂಟು ಆಂಪಿಯರಿನ ಹತ್ತು ಲಕ್ಷದಲ್ಲಿ ಇಪ್ಪತ್ತು ಪಾಲು. ತೆಳು ವಾಯರಿನ ತಡೆ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಉದ್ದ ವಾಯರಿನಲ್ಲಿ ಸಣ್ಣ ಸ್ವರ ಸಾಯುತ್ತದೆ ಎಂದು ಹಳೇ ರೇಡಿಯೋ ರಿಪೇರಿಯವರು ಹೇಳುವುದುಂಟು. ಅವರ ಕಾಲಕ್ಕೆ ಅದು ಸುಳ್ಳಲ್ಲ. ಮೀಟರಿಗೆ 100 ಪಿಕೋಫ್ಯಾರಡ್ ಲೆಕ್ಕದಲ್ಲಿ 20 ಮೀಟರ್ ವಾಯರು, ಒಳತಡೆ 10 ಸಾವಿರ ಓಮ್ ಇರುವ ಹಳೇ ಯಂತ್ರದಿಂದ ಬರುವ ದನಿಯನ್ನು 8 ಸಾವಿರ ಹರ್ಟ್ಸ್‌ನಿಂದಲೇ ಕತ್ತರಿಸತೊಡಗುತ್ತದೆ. ಈಗಿನ ಕಂಪ್ಯೂಟರಿನ ಒಳತಡೆ 100 ಓಮ್ ಎಂದು ಹಿಡಿದರೂ ಆ ಕತ್ತರಿ ಬೀಳುವುದು ಸುಮಾರು 8 ಲಕ್ಷ ಹರ್ಟ್ಸ್‌ನಲ್ಲಿ. ನಮ್ಮ ಕಿವಿ 20 ಸಾವಿರಕ್ಕೇ ನಿಲ್ಲುತ್ತದೆ.

ಹಾಗಾದರೆ ಜಾತ್ರೆಯ ಭೋಂಗಾ, ಅಂದರೆ ಧ್ವನಿವರ್ಧಕ? ಇನ್ನೂರು ಮೀಟರ್ ಹೋದರೆ ಅದೇ ವಾಯರಿನ ತಡೆ 9 ಓಮ್ ದಾಟಿ ಅರ್ಧಕ್ಕಿಂತ ಹೆಚ್ಚು ಶಕ್ತಿ ನುಂಗಬೇಕಲ್ಲ? ಮೈಕ್‌ಸೆಟ್ಟಿನವರದು ವಿದ್ಯುತ್ ಟವರ್ ಲೈನಿನ ಉಪಾಯ: ವೋಲ್ಟ್ ಹೆಚ್ಚು, ಕರೆಂಟು ಕಡಿಮೆ. ಆಂಪ್ಲಿಫೈಯರಿನಿಂದ 100 ವೋಲ್ಟಿನ ಲೈನ್ ಹೊರಡುತ್ತದೆ, ಪ್ರತಿ ಭೋಂಗಾದ ಬೆನ್ನಿಗೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್. 10 ವ್ಯಾಟಿಗೆ ಆಂಪಿಯರಿನ ಹತ್ತನೇ ಒಂದು ಪಾಲು ಸಾಕು. ದಾರಿಯಲ್ಲಿ ಹೋಗುವುದು ನೂರಕ್ಕೆ ಒಂದಕ್ಕಿಂತ ಕಡಿಮೆ.

ನಮ್ಮ ಮನೆಯಲ್ಲಿ ಜ್ಯಾಕಿನ ವಾಯರೇ ಗೆದ್ದಿತು. ಭಾಲ್ಕಿಯ ಅಕ್ಕನ ಮನೆಯಲ್ಲಿ ಅದೇ ಕೆಲಸ ಮಾಡಿದರೆ ಹಾಡಿನ ಹಿಂದೆ ಜೇನುಗೂಡಿನಂತೆ ಗುಂಯ್ ಸದ್ದು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತರೆ ಸದ್ದಿಲ್ಲ, ಚುಚ್ಚಿದರೆ ಮತ್ತೆ ಹಾಜರು. ಹಳೇ ಮನೆಗೊಂದು, ಹೊಸದಾಗಿ ಕಟ್ಟಿದ ಭಾಗಕ್ಕೊಂದು ಎಂದು ಅಲ್ಲಿ ಅರ್ಥಿಂಗ್ ಗುಂಡಿ ಎರಡು. ಇದ್ದಿಲು, ಉಪ್ಪು ತುಂಬಿದ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕದಿದ್ದರೆ ಕರಿನೆಲ ಬಿರಿದು ಸಲಾಕೆಯ ಹಿಡಿತ ಸಡಿಲಾಗುತ್ತದೆ. ಹಾಗಾಗಿ ಎರಡು ಗುಂಡಿಗಳ ವೋಲ್ಟೇಜು ಒಂದೇ ಇರುವುದಿಲ್ಲ. ಲ್ಯಾಪ್‌ಟಾಪ್ ಒಂದಕ್ಕೆ, ಆಂಪ್ಲಿಫೈಯರ್ ಇನ್ನೊಂದಕ್ಕೆ. ನಮ್ಮ ವಾಯರಿನ ಹೊರಜಾಲರಿ ಎರಡನ್ನೂ ಬೆಸೆದು ಬಿಟ್ಟಿದೆ. ಅದರಲ್ಲಿ 50 ಹರ್ಟ್ಸ್‌ನ ಕರೆಂಟು ಹರಿದು ಕೆಲವೇ ಮಿಲಿವೋಲ್ಟ್ ಹಾಡಿಗೆ ಸೇರಿದರೂ ಕಿವಿಗೆ ಗೊತ್ತಾಗುತ್ತದೆ.

ಚಾರ್ಜರಿನ ಮೂರನೇ ಪಿನ್ ಮುರಿದರೆ ಸದ್ದು ಹೋಗುತ್ತದೆ ಎಂದು ಭಾವ ಇಕ್ಕಳ ಹಿಡಿದು ನಿಂತಿದ್ದರು. ಸದ್ದೇನೋ ಹೋಗುತ್ತದೆ, ಶಾಕ್ ಹೊಡೆದ ದಿನ ಉಳಿಸುವ ದಾರಿಯೂ ಹೋಗುತ್ತದೆ. ಬದಲಿಗೆ ವಾಯರಿನ ನಡುವೆ ಬೆಂಕಿಪೊಟ್ಟಣದಷ್ಟು ದೊಡ್ಡ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿದೆವು. ಒಳಗೆ ಒಂದಕ್ಕೊಂದು ತಾಗದ ಸುರುಳಿಗಳ ಜೋಡಿ. ಹಾಡು ಕಾಂತಶಕ್ತಿಯಾಗಿ ಆಚೆ ಜಿಗಿಯುತ್ತದೆ, ಅರ್ಥಿಂಗಿನ ಕರೆಂಟಿಗೆ ದಾಟಲು ತಾಮ್ರವೇ ಇಲ್ಲ.

ಇನ್ನೊಂದು ಮಾತು. ದಾರಿಯಲ್ಲಿ ವಾಯರಿಗೆ ಅಂಟುವ ಸದ್ದು ಇದ್ದಷ್ಟೇ ಇರುತ್ತದೆ, ಆದ್ದರಿಂದ ಕಂಪ್ಯೂಟರಿನ ವಾಲ್ಯೂಮ್ ಹೆಚ್ಚೇ ಇಟ್ಟು, ಏರಿಸುವುದು ಇಳಿಸುವುದು ಆಂಪ್ಲಿಫೈಯರಿನಲ್ಲೇ ಆಗಬೇಕು. ಹೀಗಾಗಿ ಅಡುಗೆಮನೆಯಿಂದ "ಸಣ್ಣ ಮಾಡೋ" ಎಂದು ಅವ್ವ ಕೂಗಿದಾಗಲೆಲ್ಲ ನಾನು ಎದ್ದು ಪಡಸಾಲೆಗೆ ನಡೆಯುತ್ತೇನೆ.